ಬಲಗಾಲಿನಲ್ಲಿ ಉಳಿದ ಓಟ: ವಯಸ್ಸಾದ ಗ್ರೇಹೌಂಡನ್ನು ಮನೆಗೆ ತರುವ ಮುನ್ನ

ಬೆಸ್ ಎಂಬ ಗ್ರೇಹೌಂಡ್ ನಾಯಿ ನಮ್ಮ ಮ್ಯಾಂಚೆಸ್ಟರ್ ಮನೆಗೆ ಬಂದಾಗ ಅವಳಿಗೆ ಒಂಬತ್ತು ತುಂಬಿತ್ತು. ವಿಡಿಯೋ ಕಾಲ್‌ನಲ್ಲಿ ನೋಡಿದ ಬೆಂಗಳೂರಿನ ನೆಂಟರೆಲ್ಲ “ಅಯ್ಯೋ ಪಾಪ, ಊಟ ಹಾಕ್ತಿಲ್ವಾ ಅದಕ್ಕೆ?” ಅಂದರು. ಜಮಖಂಡಿಯಲ್ಲಿರುವ ಅವ್ವ ಮಾತ್ರ ಕನ್ನಡಕ ಸರಿಮಾಡಿಕೊಂಡು, “ಇದು ನಮ್ಮ ಮುಧೋಳ ನಾಯಿ ಜಾತೀದ ಐತಲ್ಲೋ, ಅಲ್ಲೀ ತನಾ ಹೆಂಗ್ ಬಂತು?” ಅಂದಳು.

ಅವ್ವ ಹೇಳಿದ್ದು ಬಹುಪಾಲು ಸರಿ. ಮುಧೋಳವಾಗಲಿ ಗ್ರೇಹೌಂಡಾಗಲಿ, ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿಗಳು. ಉದ್ದ ಮೂತಿ, ಆಳವಾದ ಎದೆಗೂಡು, ಒಳಕ್ಕೆ ಎಳೆದುಕೊಂಡಂಥ ಹೊಟ್ಟೆ, ದೂರದಿಂದಲೇ ಎಣಿಸಬಹುದಾದ ಪಕ್ಕೆಲುಬು ಇವುಗಳ ಲಕ್ಷಣವೇ ಹೊರತು ಉಪವಾಸದ ಗುರುತಲ್ಲ. ವ್ಯತ್ಯಾಸ ಇರುವುದು ಬೆಳೆಯುವ ರೀತಿಯಲ್ಲಿ. ಮುಧೋಳ ನಾಯಿ ಹೊಲ, ಅಂಗಳ, ಮಕ್ಕಳು, ಕೋಳಿಗಳ ನಡುವೆ ದೊಡ್ಡದಾಗುತ್ತದೆ. ಓಟದ ಗ್ರೇಹೌಂಡ್ ದೊಡ್ಡದಾಗುವುದು ಕೆನಲ್‌ನಲ್ಲಿ, ಅಂದರೆ ನಾಯಿಗಳನ್ನು ಸಾಲಾಗಿ ಇಟ್ಟು ಸಾಕುವ ಗೂಡುಗಳಲ್ಲಿ. ಮೆಟ್ಟಿಲು, ಗಾಜಿನ ಬಾಗಿಲು, ಕುಕ್ಕರ್ ಸೀಟಿ, ಸೋಫಾ ಇವೆಲ್ಲ ಅದಕ್ಕೆ ಪರಿಚಯವಾಗುವುದು ಕೆಲಸದಿಂದ ನಿವೃತ್ತಿಯಾದ ಮೇಲೆ.

ಮುದಿ ನಾಯಿ ಯಾಕೆ, ಮರಿ ತರಬಾರದಿತ್ತೇ ಎಂದು ಕೇಳುವವರು ಬಹಳ. ನನ್ನ ಉತ್ತರ ಇಷ್ಟೇ: ಮರಿ ಮುಂದೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಒಂಬತ್ತು ವರ್ಷದ ಗ್ರೇಹೌಂಡ್ ಏನಾಗಿದೆ ಎಂಬುದು ಅದರ ಮೈಮೇಲೆಯೇ ಬರೆದಿದೆ. ಅದನ್ನು ಓದಲು ಕಲಿಯಬೇಕು, ಅಷ್ಟೆ.

ಇವು ಬರುವುದಾದರೂ ಎಲ್ಲಿಂದ? ಅಂಡಾಕಾರದ ಟ್ರ್ಯಾಕಿನಲ್ಲಿ ಯಂತ್ರದ ಮೊಲದ ಹಿಂದೆ ನಾಯಿ ಓಡಿಸುವ ಆಟ ಅಮೆರಿಕದಿಂದ ಬ್ರಿಟನ್ನಿಗೆ ಬಂದಾಗ ಮೊದಲು ಕಾಲಿಟ್ಟಿದ್ದು ನಮ್ಮ ಇದೇ ಊರಿಗೆ. 1926ರ ಜುಲೈ 24ರಂದು ಬೆಲ್ ವ್ಯೂ ಕ್ರೀಡಾಂಗಣದಲ್ಲಿ ಮೊದಲ ಓಟ ನಡೆಯಿತು. 2020ರಲ್ಲಿ ಬೆಲ್ ವ್ಯೂನಲ್ಲಿ ಓಟ ನಿಂತೂ ಹೋಯಿತು. ದೇಶದಲ್ಲಿ ಈಗ ಪರವಾನಗಿ ಇರುವ ಟ್ರ್ಯಾಕುಗಳು ಇಪ್ಪತ್ತರ ಆಸುಪಾಸು. ಅಲ್ಲಿ ಓಡುವ ನಾಯಿಗಳಲ್ಲಿ ಹೆಚ್ಚಿನವು ಹುಟ್ಟುವುದು ಐರ್ಲೆಂಡಿನಲ್ಲಿ. ಒಂದೂವರೆ ವರ್ಷದ ಹೊತ್ತಿಗೆ ಓಟಕ್ಕಿಳಿಯುತ್ತವೆ. ಗಾಯವಾಗದೆ ಉಳಿದರೂ ನಾಲ್ಕು, ಹೆಚ್ಚೆಂದರೆ ಐದು ವರ್ಷಕ್ಕೆ ವೇಗ ಕುಂದುತ್ತದೆ. ಆಮೇಲೆ ಅದರ ಮುಂದೆ ಆರೇಳು ವರ್ಷದ ಬದುಕು ಉಳಿದಿರುತ್ತದೆ.

ಆ ಆರೇಳು ವರ್ಷ ಏನಾಗಬೇಕು ಎಂದು ಈ ಉದ್ಯಮ ಬಹುಕಾಲ ಯೋಚಿಸಲಿಲ್ಲ. ಡರ್ಹಮ್ ಜಿಲ್ಲೆಯ ಸೀಹಮ್ ಎಂಬಲ್ಲಿ ಒಬ್ಬ ವ್ಯಕ್ತಿ ವರ್ಷಾನುಗಟ್ಟಲೆ ಓಟ ಮುಗಿಸಿದ ಗ್ರೇಹೌಂಡ್‌ಗಳನ್ನು ಕೊಂದು ಹೂಳುತ್ತಿದ್ದ ಸಂಗತಿ 2006ರಲ್ಲಿ ಪತ್ರಿಕೆಯಲ್ಲಿ ಬಯಲಾದಾಗ ಜನ ದಂಗಾದರು. 2010ರಲ್ಲಿ ಓಟದ ನಾಯಿಗಳ ಕ್ಷೇಮಕ್ಕೆಂದೇ ಇಂಗ್ಲೆಂಡಿನಲ್ಲಿ ನಿಯಮಗಳು ಬಂದವು. 2020ರ ಸೆಪ್ಟೆಂಬರಿನಿಂದ ಪ್ರತಿ ನಾಯಿಯ ಹೆಸರಲ್ಲಿ ಮಾಲೀಕ ಅರ್ಧ, ಓಟದ ಮಂಡಳಿ ಅರ್ಧ ಸೇರಿ 400 ಪೌಂಡ್ ಠೇವಣಿ ಇಡುವ ಪದ್ಧತಿ ಶುರುವಾಯಿತು. ಓಟ ಮುಗಿದ ನಾಯಿಯನ್ನು ದತ್ತು ಕೇಂದ್ರಕ್ಕೆ ಒಪ್ಪಿಸಿದಾಗ ಆ ಹಣ ಕೇಂದ್ರಕ್ಕೆ ಸೇರುತ್ತದೆ. ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ನಾನಂತೂ ಹೇಳಲಾರೆ. ಓಟವನ್ನೇ ನಿಲ್ಲಿಸುತ್ತೇವೆಂದು ನ್ಯೂಜಿಲೆಂಡ್ 2024ರ ಡಿಸೆಂಬರಿನಲ್ಲೂ ವೇಲ್ಸ್ 2025ರ ಫೆಬ್ರವರಿಯಲ್ಲೂ ಘೋಷಿಸಿದವು. ಅಮೆರಿಕದ ಫ್ಲಾರಿಡಾದಲ್ಲಿ ಮತದಾರರೇ 2018ರಲ್ಲಿ ಬೇಡವೆಂದರು, 2020ರ ಕೊನೆಗೆ ಅಲ್ಲಿ ಓಟ ನಿಂತಿತು. ಟ್ರ್ಯಾಕ್ ಮುಚ್ಚಿದಾಗಲೆಲ್ಲ ಒಂದೇ ಹೊತ್ತಿಗೆ ಹಲವು ನಾಯಿಗಳಿಗೆ ಮನೆ ಬೇಕಾಗುತ್ತದೆ.

ಎಂಟು ದಾಟಿದ ನಾಯಿಗಳು ಕೇಂದ್ರಕ್ಕೆ ಬರುವ ದಾರಿಯೇ ಬೇರೆ. ಕೆಲವು ಮರಿ ಹಾಕಿಸಲೆಂದು ಇಟ್ಟುಕೊಂಡಿದ್ದ ತಾಯಿನಾಯಿಗಳು. ಓಟದ ನಂತರವೂ ವರ್ಷಗಟ್ಟಲೆ ಕೆನಲ್‌ನಲ್ಲೇ ಕಳೆದಂಥವು. ಕೆಲವು ಒಮ್ಮೆ ಮನೆ ಕಂಡು ಮರಳಿದವು: ಸಾಕಿದ ಅಜ್ಜ ತೀರಿಕೊಂಡಿರುತ್ತಾರೆ, ದಂಪತಿ ಬೇರೆಯಾಗಿರುತ್ತಾರೆ, ಬಾಡಿಗೆ ಮನೆಯವರು ನಾಯಿ ಬೇಡವೆಂದಿರುತ್ತಾರೆ. ಇನ್ನು ಕೆಲವನ್ನು ಯಾರೂ ಆರಿಸಿಕೊಂಡೇ ಇರುವುದಿಲ್ಲ. ಬೆಸ್ ಎರಡನೆಯ ಗುಂಪಿನವಳು. ಹಾಗಾಗಿ ಮನೆ ಅವಳಿಗೆ ಗೊತ್ತಿತ್ತು. ಒಂದು ಮನೆ ಕಳೆದುಹೋಗಬಹುದು ಎಂಬುದೂ ಗೊತ್ತಿತ್ತು ಅನಿಸುತ್ತದೆ. ಮೊದಲ ತಿಂಗಳು ನಾವು ಚಪ್ಪಲಿ ಹಾಕಿದರೆ ಸಾಕು, ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದಳು.

ಓದುವುದನ್ನು ಕಿವಿಯಿಂದ ಶುರುಮಾಡಬಹುದು. ಒಳಗಡೆ ಹಸಿರು ಹಚ್ಚೆಯ ಅಕ್ಷರಗಳಿರುತ್ತವೆ. ಎರಡೂ ಕಿವಿಯಲ್ಲಿದ್ದರೆ ಐರ್ಲೆಂಡಿನಲ್ಲಿ ನೋಂದಣಿಯಾದದ್ದು, ಬಲಗಿವಿಯಲ್ಲಿ ಮಾತ್ರ ಇದ್ದರೆ ಇಂಗ್ಲೆಂಡಿನದು. ಅಕ್ಷರ ಗೊತ್ತಾದರೆ ಓಟದ ಹೆಸರು ಸಿಗುತ್ತದೆ. ಹೆಸರು ಸಿಕ್ಕರೆ ಅದು ಎಲ್ಲಿ, ಎಷ್ಟು ಸಲ ಓಡಿತು ಎಂಬ ದಾಖಲೆ ಸಿಗುತ್ತದೆ. ಇದು ಬರೀ ಕುತೂಹಲದ ಮಾತಲ್ಲ. ನೂರು ಓಟ ಓಡಿದ ಕಾಲು ಬೇರೆ, ಹತ್ತು ಓಟಕ್ಕೇ ನಿಂತ ಕಾಲು ಬೇರೆ. ಹತ್ತಕ್ಕೇ ನಿಂತಿದ್ದರೆ ಯಾಕೆ ನಿಂತಿತೆಂದು ಕೇಳಲೇಬೇಕು.

ಇನ್ನು ಕಾಲು. ಗ್ರೇಹೌಂಡ್ ಓಟದಲ್ಲಿ ಆರು ನಾಯಿಗಳು ಗಂಟೆಗೆ ಅರವತ್ತು ಕಿಲೋಮೀಟರು ಮೀರಿದ ವೇಗದಲ್ಲಿ ಓಡುತ್ತವೆ, ತಿರುಗುವುದು ಯಾವಾಗಲೂ ಎಡಕ್ಕೆ. ಅಪ್ರದಕ್ಷಿಣೆ ಹಾಕಿದ ಹಾಗೆ. ತಿರುವಿನಲ್ಲಿ ಹೊರಗಡೆಯ ಬಲ ಹಿಂಗಾಲು ಇಡೀ ಮೈಯನ್ನು ಒಳಕ್ಕೆ ತಳ್ಳಬೇಕು; ಒಳಗಡೆಯ ಎಡ ಮುಂಗಾಲು ಆ ಭಾರವನ್ನು ಹೊರಬೇಕು. ವರ್ಷಗಟ್ಟಲೆ ಇದೇ. ಆದ್ದರಿಂದ ಈ ನಾಯಿಗಳ ಮೂಳೆ ಮುರಿತಕ್ಕೊಂದು ಗೊತ್ತಾದ ಜಾಗವಿದೆ: ಬಲ ಹಿಂಗಾಲಿನಲ್ಲಿ, ನಮ್ಮ ಕಾಲಿನ ಹರಡಿಗೆ ಸಮನಾದ ಕೀಲಿನೊಳಗಿನ ಪುಟ್ಟ ಮೂಳೆ. ಮುಂದುಗಡೆ ಎಡ ಮಣಿಕಟ್ಟು. ಹಳೆಯ ಪೆಟ್ಟು ವಾಸಿಯಾದರೂ ಆ ಕೀಲು ದಪ್ಪಗೆ ಉಳಿಯುತ್ತದೆ, ವಯಸ್ಸಾದಂತೆ ಅಲ್ಲೇ ಸಂಧಿವಾತ ಮನೆ ಮಾಡುತ್ತದೆ. ಬೆಸ್‌ಳ ಎರಡು ಹಿಂಗಾಲನ್ನೂ ಒಟ್ಟಿಗೆ ಹಿಡಿದು ನೋಡಿದರೆ ಸಾಕು, ಬಲಗಡೆಯದು ಬೆರಳಿಗೇ ಬೇರೆಯೆನಿಸುತ್ತದೆ. ಅವಳು ಓಡುವುದನ್ನು ನಾನು ಒಂದು ದಿನವೂ ಕಂಡಿಲ್ಲ. ಆದರೆ ಎಡಕ್ಕೆ ತಿರುಗುತ್ತಿದ್ದಳು ಎಂಬುದಕ್ಕೆ ಸಾಕ್ಷಿ ನನ್ನ ಕೈಯಲ್ಲಿದೆ.

ಮುದಿ ಗ್ರೇಹೌಂಡ್ ಸಾಕುವವರು ಬೇರೆ ಏನು ಕಲಿಯದಿದ್ದರೂ ಕುಂಟಿನಲ್ಲಿರುವ ವ್ಯತ್ಯಾಸವನ್ನು ಕಲಿಯಬೇಕು. ಸಂಧಿವಾತದ ಕುಂಟು ಮಲಗಿ ಎದ್ದ ಕೂಡಲೇ ಹೆಚ್ಚು. ನಾಲ್ಕು ಹೆಜ್ಜೆ ನಡೆದು ಮೈ ಬಿಸಿಯಾದರೆ ಸಡಿಲವಾಗುತ್ತದೆ. ಚಳಿಯಲ್ಲಿ ಹೆಚ್ಚು, ಬೇಸಗೆಯಲ್ಲಿ ಕಡಿಮೆ. ನಮ್ಮ ಮನೆಯ ಹಿರಿಯರ ಮಂಡಿನೋವಿನ ಹಾಗೇ.

ಎರಡನೆಯದು ಆಣಿಯ ಕುಂಟು. ಮನುಷ್ಯರ ಅಂಗಾಲಿನಲ್ಲಿ ಆಗುವಂಥ ಆಣಿಯೇ ಗ್ರೇಹೌಂಡ್‌ಗಳ ಬೆರಳಿನ ಮೆತ್ತೆಯಲ್ಲೂ ಆಗುತ್ತದೆ, ಹೆಚ್ಚಾಗಿ ಮುಂಗಾಲಿನ ನಡುವಿನ ಎರಡು ಬೆರಳಿನಲ್ಲಿ. ಬೇರೆ ತಳಿಗಳಲ್ಲಿ ಇದು ಅಪರೂಪ, ಹಾಗಾಗಿ ಇವನ್ನು ಹೆಚ್ಚು ನೋಡದ ವೈದ್ಯರ ಕಣ್ಣು ತಪ್ಪಿಸುವುದೂ ಉಂಟು. ಪತ್ತೆ ಹಚ್ಚುವ ಉಪಾಯ ಸುಲಭ. ಹುಲ್ಲಿನ ಮೇಲೆ ಸರಾಗವಾಗಿ ನಡೆಯುವ ನಾಯಿ ಜಲ್ಲಿ ಅಥವಾ ಸಿಮೆಂಟಿನ ಮೇಲೆ ಬಂದೊಡನೆ ಕಾಲೆತ್ತಿದರೆ ಬಹುಮಟ್ಟಿಗೆ ಆಣಿಯೇ. ಪಾದ ತೊಳೆದು ಬೆಳಕಿಗೆ ಹಿಡಿದರೆ ದುಂಡಗಿನ ಬೆಳ್ಳನೆಯ ಗುರುತು ಕಾಣುತ್ತದೆ. ಆಗಾಗ ಮೇಲಿನ ಗಟ್ಟಿ ಪದರ ತೆಗೆಸಿ, ಮೆತ್ತನೆಯ ಬೂಟು ಹಾಕಿ ನಿಭಾಯಿಸಬಹುದು. ಕತ್ತರಿಸಿ ತೆಗೆದರೆ ಬಹಳ ಸಲ ಮತ್ತೆ ಬೆಳೆಯುತ್ತದೆ. ಅದಕ್ಕೇ ಈಚೆಗೆ ಆಣಿಯನ್ನು ಬಿಟ್ಟು, ಬೆರಳನ್ನು ನೆಲಕ್ಕೆ ಒತ್ತುವ ಸ್ನಾಯುರಜ್ಜುವನ್ನೇ ಕತ್ತರಿಸಿ ಒತ್ತಡ ತಪ್ಪಿಸುವ ಶಸ್ತ್ರಚಿಕಿತ್ಸೆ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿದೆ.

ಮೂರನೆಯ ಕುಂಟು ನಮಗೆ ಭಯ ಹುಟ್ಟಿಸುವಂಥದ್ದು. ಮೂಳೆ ಕ್ಯಾನ್ಸರ್ ಗ್ರೇಹೌಂಡ್‌ಗಳನ್ನು ಹೆಚ್ಚಾಗಿ ಕಾಡುವ ರೋಗ, ಅದೂ ಎಂಟರ ನಂತರ. ಭುಜ, ಮಣಿಕಟ್ಟು, ಮಂಡಿ ಇವುಗಳ ಸಮೀಪ ಶುರುವಾಗುತ್ತದೆ. ಈ ಕುಂಟು ನಡೆದರೆ ಸಡಿಲವಾಗದು, ಹುಲ್ಲಿನ ಮೇಲೂ ಕಡಿಮೆಯಾಗದು, ವಾರದಿಂದ ವಾರಕ್ಕೆ ಏರುತ್ತಲೇ ಹೋಗುತ್ತದೆ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ‘ವಯಸ್ಸಾಯಿತು, ವಾತ ಇರಬೇಕು’ ಎಂದು ನೋವಿನ ಮಾತ್ರೆ ಕೊಡುತ್ತಾ ತಿಂಗಳು ತಳ್ಳುವುದು. ಟೊಳ್ಳಾದ ಮೂಳೆ ಸುಮ್ಮನೆ ನಡೆಯುವಾಗಲೇ ಮುರಿಯಬಹುದು. ವಯಸ್ಸಾದ ಗ್ರೇಹೌಂಡ್ ಒಂದು ವಾರದ ಮೇಲೂ ಕುಂಟಿದರೆ ಎಕ್ಸ್‌ರೇ ಕೇಳಿ, ಸಂಕೋಚ ಬೇಡ. ಕಾಲು ತೆಗೆಸಿ ಕೀಮೋ ಕೊಡಿಸಿದರೂ ಸಾಮಾನ್ಯವಾಗಿ ಸಿಗುವುದು ಒಂದು ವರ್ಷದಷ್ಟು ಕಾಲ. ಮೂರು ಕಾಲಿನಲ್ಲಿ ಹಾಯಾಗಿ ಓಡಾಡುವ ಗ್ರೇಹೌಂಡ್‌ಗಳಿವೆ. ಉಳಿದ ಕಾಲುಗಳಲ್ಲೇ ವಾತ ಕೂತಿದ್ದರೆ ಅದೂ ಕಷ್ಟ. ಈ ಲೆಕ್ಕವನ್ನು ನಾಯಿ ತರುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಂಡಿರುವುದು ಒಳ್ಳೆಯದು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮಾತಾಡುವ ವಿಷಯ ಅದಲ್ಲ.

ಹಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಾಯಿ ತೆರೆದರೆ ವಾಸನೆಯೇ ಹೇಳುತ್ತದೆ. ಕೆನಲ್‌ಗಳಲ್ಲಿ ನೆನೆಸಿದ ಮೆತ್ತನೆಯ ಊಟ ಹಾಕುವುದು ರೂಢಿ. ರಾಯಲ್ ವೆಟರ್ನರಿ ಕಾಲೇಜಿನವರು ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ಗ್ರೇಹೌಂಡ್‌ಗಳ ಚಿಕಿತ್ಸಾ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 39 ಶೇಕಡಾ ನಾಯಿಗಳಿಗೆ ವಸಡಿನ ರೋಗವಿತ್ತು. ಉಳಿದೆಲ್ಲ ಕಾಯಿಲೆಗಳಿಗಿಂತ ಅದೇ ಮುಂದು. ಒಪ್ಪಿಸುವ ಮೊದಲು ಕೇಂದ್ರದವರೇ ಹಲ್ಲು ಶುದ್ಧಮಾಡಿಸಿದ್ದಾರೆಯೇ, ಎಷ್ಟು ಕಿತ್ತಿದ್ದಾರೆ ಎಂದು ಕೇಳಿ. ಹಲ್ಲಿಲ್ಲದೆ ನಾಯಿ ಆರಾಮವಾಗಿ ಉಣ್ಣುತ್ತದೆ; ಕೊಳೆತ ಹಲ್ಲಿಟ್ಟುಕೊಂಡು ಉಣ್ಣಲಾರದು. ಅದೇ ಅಧ್ಯಯನದ ಪ್ರಕಾರ ಇವುಗಳ ಆಯುಸ್ಸಿನ ಮಧ್ಯಾಂಕ 11.4 ವರ್ಷ, ಅಂದರೆ ಅರ್ಧದಷ್ಟು ನಾಯಿಗಳು ಅದಕ್ಕೆ ಮೊದಲು, ಅರ್ಧದಷ್ಟು ಅದರ ನಂತರ ತೀರಿಕೊಂಡವು. ಒಂಬತ್ತರ ನಾಯಿ ತಂದವರು ಲೆಕ್ಕ ಹಾಕಿಕೊಳ್ಳಬಹುದು.

ನನಗೆ ಅತಿ ಸೋಜಿಗ ಎನಿಸಿದ್ದು ರಕ್ತ. ವಯಸ್ಸಾದ ನಾಯಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ವಾಡಿಕೆ. ಬೆಸ್‌ಳ ಮೊದಲ ವರದಿ ಬಂದಾಗ ಅರ್ಧ ಸಾಲುಗಳ ಪಕ್ಕ ಎಚ್ಚರಿಕೆಯ ಗುರುತು. ನನ್ನ ಎದೆ ಧಸಕ್ಕೆಂದಿತು. ವೈದ್ಯೆ ನಕ್ಕು “ಗ್ರೇಹೌಂಡ್‌ಗೆ ಇದು ಸರಿಯಾಗೇ ಇದೆ” ಅಂದರು. ಶರವೇಗದಲ್ಲಿ ಓಡಲೆಂದು ಆರಿಸಿ ಆರಿಸಿ ಬೆಳೆಸಿದ ತಳಿ ಇದು. ಆಮ್ಲಜನಕ ಹೊರಲು ಕೆಂಪು ರಕ್ತಕಣ ಜಾಸ್ತಿ ಬೇಕು. ಬೇರೆ ನಾಯಿಗಳ ರಕ್ತದಲ್ಲಿ ಅವುಗಳ ಪಾಲು ಹೆಚ್ಚೆಂದರೆ 55 ಶೇಕಡಾ, ಇವುಗಳಲ್ಲಿ 60 ದಾಟಿದರೂ ಆಶ್ಚರ್ಯವಿಲ್ಲ. ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಕಡಿಮೆ. ಸ್ನಾಯು ಹೆಚ್ಚಿರುವುದರಿಂದ ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಹೆಚ್ಚು; ತಿಳಿಯದವರು ಕಿಡ್ನಿ ಹೋಯಿತೆನ್ನುತ್ತಾರೆ. ಥೈರಾಯ್ಡ್ ಹಾರ್ಮೋನು ಹುಟ್ಟಿನಿಂದಲೇ ಕಡಿಮೆ. ಬೋಳು ತೊಡೆ, ಮಂಕುತನ ಇವನ್ನೂ ಸೇರಿಸಿ ಬೇಡದ ಮಾತ್ರೆ ಶುರುವಾಗಿಬಿಡುತ್ತದೆ. ಹೃದಯ ದೊಡ್ಡದಾದ್ದರಿಂದ ಎದೆಬಡಿತದ ನಡುವೆ ಸಣ್ಣ ಮರ್ಮರ ಸದ್ದು ಕೇಳಿಸುವುದೂ ಸಾಮಾನ್ಯ. ಆರೋಗ್ಯವಾಗಿರುವಾಗಲೇ ಒಂದು ಪರೀಕ್ಷೆ ಮಾಡಿಸಿ ವರದಿಯನ್ನು ಜೋಪಾನವಾಗಿಟ್ಟರೆ ಮುಂದೆ ಅದೇ ಅಳತೆಗೋಲು.

ಅರಿವಳಿಕೆಯ ವಿಚಾರವೂ ಹೀಗೆ. ಇವುಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ, ಕೆಲವು ಔಷಧಗಳನ್ನು ಅರಗಿಸುವ ಯಕೃತ್ತಿನ ಕಿಣ್ವವೂ ನಿಧಾನ. ಥಯೋಪೆಂಟಾಲ್‌ನಂಥ ಹಳೆಯ ಮದ್ದು ಕೊಟ್ಟರೆ ನಾಯಿ ಗಂಟೆಗಟ್ಟಲೆ ಏಳದು. ಈಗಿನ ಮದ್ದುಗಳಲ್ಲಿ ಆ ಅಪಾಯ ಕಡಿಮೆ. ಇನ್ನೊಂದು ಅಪಾಯ ಕಡಿಮೆ ಜನಕ್ಕೆ ಗೊತ್ತು: ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿ, ನಾಯಿ ಮನೆಗೂ ಬಂದು, ಒಂದೆರಡು ದಿನದ ನಂತರ ಗಾಯದ ಸುತ್ತ ರಕ್ತ ಒಸರತೊಡಗುತ್ತದೆ. ಹೆಪ್ಪುಗಟ್ಟಿದ ರಕ್ತ ಬೇಗ ಕರಗಿಬಿಡುವುದು ಇದಕ್ಕೆ ಕಾರಣ. ತಡೆಯಲು ಟ್ರಾನೆಕ್ಸಾಮಿಕ್ ಆಸಿಡ್ ಕೊಡುವುದುಂಟು. ನಮ್ಮ ಕಡೆ ಹೆಂಗಸರಿಗೆ ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋದಾಗ ಬರೆದುಕೊಡುವ ಅದೇ ಮದ್ದು. ಹಲ್ಲು ಕೀಳಿಸಲೇ ಆಗಲಿ, ಗಡ್ಡೆ ತೆಗೆಸಲೇ ಆಗಲಿ, ‘ಗ್ರೇಹೌಂಡ್‌ಗಳಿಗೆ ಮೊದಲು ಮಾಡಿದ್ದೀರಾ’ ಎಂದು ಕೇಳುವುದು ಅವಮಾನದ ಮಾತಲ್ಲ.

ಮನೆಯೊಳಗಿನ ಬದುಕು ಇದಕ್ಕಿಂತ ಸಲೀಸು. ದಿನಕ್ಕೆ ಹದಿನಾರು ಗಂಟೆ ಮಲಗುವ ಪ್ರಾಣಿ ಇದು. ಕೆನಲ್‌ನಲ್ಲಿ ಗೊತ್ತಾದ ಹೊತ್ತಿಗೆ ಹೊರಬಿಟ್ಟು ರೂಢಿಯಾಗಿರುವುದರಿಂದ, ಅದೇ ಹೊತ್ತು ಪಾಲಿಸಿದರೆ ಮನೆಯಲ್ಲಿ ಗಲೀಜು ಮಾಡುವುದು ಕಡಿಮೆ. ಕೂರು ಅಂದರೆ ಕೂರುವುದಿಲ್ಲ. ಅದು ಮೊಂಡುತನವಲ್ಲ, ಆ ತೊಡೆ, ಆ ಬೆನ್ನಿಗೆ ಕೂರುವುದು ಸುಖವಲ್ಲ. ನಿಲ್ಲುತ್ತದೆ ಇಲ್ಲವೇ ಮಲಗುತ್ತದೆ. ಹಲವು ಗ್ರೇಹೌಂಡ್‌ಗಳು ಕಣ್ಣು ತೆರೆದೇ ನಿದ್ದೆ ಮಾಡುತ್ತವೆ. ಎಚ್ಚರವಿದೆಯೆಂದು ಮಗು ಹೋಗಿ ತಬ್ಬಿಕೊಂಡರೆ ಬೆಚ್ಚಿ ಬಾಯಿ ಹಾಕಬಹುದು. ಕೆನಲ್‌ನಲ್ಲಿ ಮಲಗಿದ್ದನ್ನು ಯಾರೂ ಮುಟ್ಟಿ ಎಬ್ಬಿಸಿರುವುದಿಲ್ಲ. ವಯಸ್ಸಾಗಿ ಕಿವಿ ಮಂದವಾದಾಗ ಇದು ಇನ್ನೂ ಹೆಚ್ಚು. ನಮ್ಮ ಮನೆಯ ಕಟ್ಟಪ್ಪಣೆ: ಮೊದಲು ಹೆಸರು ಕೂಗು, ತಲೆ ಎತ್ತಿದ ಮೇಲೆ ಮುಟ್ಟು.

ನುಣುಪು ನೆಲ ಇವಕ್ಕೆ ದೊಡ್ಡ ಶತ್ರು. ಬೆನ್ನಿನ ಕೊನೆಯ ಮೂಳೆಗಳ ನಡುವೆ ನರ ಒತ್ತಿಹೋಗಿ ಹಿಂಗಾಲು ಸೋಲುವುದು ವಯಸ್ಸಾದ ಗ್ರೇಹೌಂಡ್‌ಗಳಲ್ಲಿ ಸಾಮಾನ್ಯ. ನಾವು ಮಾಡಿದ್ದು ಅಗ್ಗದ ಉಪಾಯ, ಅಡುಗೆಮನೆಯಿಂದ ಹಿತ್ತಲ ಬಾಗಿಲವರೆಗೆ ಯೋಗ ಮ್ಯಾಟುಗಳ ಸಾಲು. ಮೆಟ್ಟಿಲು ಕಲಿಸಲು ಹೋಗಿ ನಾನು ಅರ್ಧ ಗಂಟೆ ಅವಳ ಪಾದಗಳನ್ನು ಒಂದೊಂದಾಗಿ ಎತ್ತಿಟ್ಟೆ. ಹತ್ತಿದಳು, ಇಳಿಯಲು ಒಪ್ಪಲಿಲ್ಲ. ಇಪ್ಪತ್ತೇಳು ಕಿಲೋ ಹೊತ್ತು ಇಳಿದ ಮೇಲೆ ಅವಳ ಹಾಸಿಗೆ ಕೆಳಗೇ ಆಯಿತು. ಮೊದಲ ಎರಡು ವಾರ ನಾನೂ ಕೆಳಗೇ ಮಲಗಿದೆ. ಜೋಡಿಯಾಗಿ ಕೆನಲ್‌ನಲ್ಲಿದ್ದ ನಾಯಿ ಒಂಟಿಯಾಗಿ ರಾತ್ರಿ ಕಳೆಯಲು ಹೆದರುತ್ತದೆ.

ಹೊರಗೆ ಹೋದಾಗ ಪಟ್ಟಿ ಬಿಚ್ಚುವ ಮಾತೇ ಇಲ್ಲ. ಅಳಿಲೊಂದು ಕಂಡರೆ ಹತ್ತು ವರ್ಷದ ನಾಯಿಗೂ ಎರಡು ವರ್ಷದ ಕಾಲು ಬರುತ್ತದೆ, ನಾವು ಹೆಸರು ಕೂಗಿ ಮುಗಿಸುವಷ್ಟರಲ್ಲಿ ರಸ್ತೆಯ ಆಚೆ. ತಲೆಗಿಂತ ಕುತ್ತಿಗೆ ದಪ್ಪವಿರುವುದರಿಂದ ಸಾಧಾರಣ ಕೊರಳಪಟ್ಟಿ ಜಾರಿಹೋಗುತ್ತದೆ. ಎಳೆದರೆ ಬಿಗಿಯಾಗುವ ಅಗಲ ಪಟ್ಟಿ ಬೇಕು. ಬೆಕ್ಕಿರುವ ಮನೆಯವರು ಬೆಕ್ಕಿನೆದುರು ಪರೀಕ್ಷಿಸಿದ ನಾಯಿಯನ್ನೇ ಕೇಳಿ ತರಬೇಕು. ವಯಸ್ಸಾಗಿದೆ, ಇನ್ನೇನು ಅಟ್ಟಿಸಿಕೊಂಡು ಹೋಗುತ್ತದೆ ಎಂಬ ನಂಬಿಕೆ ಬೇಡ.

ಕನ್ನಡದ ಮನೆಗಳಿಗೆ ಒಂದು ವಿಶೇಷ ಎಚ್ಚರಿಕೆ. ಗ್ರೇಹೌಂಡ್‌ನ ಮೂಗು ಅಡುಗೆ ಕಟ್ಟೆಯ ಎತ್ತರಕ್ಕೇ ಇರುತ್ತದೆ. ಪಲ್ಯದ ಈರುಳ್ಳಿ, ಪಾಯಸದ ಒಣದ್ರಾಕ್ಷಿ ಎರಡೂ ನಾಯಿಗಳಿಗೆ ವಿಷ. ಕೇಸರಿಬಾತಿನ ಪಾತ್ರೆ ಮುಚ್ಚಿಡಿ. ದೀಪಾವಳಿಯ ಆಸುಪಾಸಿನಲ್ಲೇ ಇಲ್ಲಿನವರ ಬಾನ್‌ಫೈರ್ ನೈಟ್ ಹಬ್ಬದ ನವೆಂಬರ್ 5ರ ಪಟಾಕಿಯೂ ಸೇರಿಕೊಳ್ಳುವುದರಿಂದ ಆ ಎರಡು ಮೂರು ವಾರ ಸಂಜೆಗೆ ಮೊದಲೇ ವಾಕಿಂಗ್ ಮುಗಿಸಿಬಿಡುವುದು ಕ್ಷೇಮ.

ಕೊನೆಗೆ ದುಡ್ಡು. ದತ್ತು ಶುಲ್ಕ ದೊಡ್ಡದಲ್ಲ, ವಿಮೆ ದೊಡ್ಡದು. ಎಂಟು ಒಂಬತ್ತು ದಾಟಿದ ನಾಯಿಗೆ ಹೊಸದಾಗಿ ವಿಮೆ ಕೊಡುವ ಕಂಪನಿಗಳು ಕಡಿಮೆ, ಕೊಟ್ಟರೂ ಪ್ರತಿ ಬಿಲ್ಲಿನ ಒಂದು ಪಾಲು ನಾವೇ ಕಟ್ಟಬೇಕು, ಹಳೆಯ ಗಾಯಗಳು ಲೆಕ್ಕಕ್ಕಿಲ್ಲ. ತಿಂಗಳು ತಿಂಗಳು ಅಷ್ಟೇ ಹಣವನ್ನು ಬೇರೆ ಖಾತೆಗೆ ಹಾಕುತ್ತಾ ಹೋಗುವವರೂ ಇದ್ದಾರೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಮೂರನೆಯ ದಾರಿಯೂ ಉಂಟು: ಮುದಿ ನಾಯಿಗಳನ್ನು ಕೆಲವು ಕೇಂದ್ರಗಳು ಕೊನೆಯವರೆಗೆ ಪೋಷಣೆಗೆಂದು ಕೊಡುತ್ತವೆ. ನಾಯಿ ನಿಮ್ಮ ಮನೆಯಲ್ಲಿರುತ್ತದೆ, ಆಸ್ಪತ್ರೆಯ ಖರ್ಚು ಕೇಂದ್ರದ್ದು. ವೀಸಾ, ಕೆಲಸ, ಬಾಡಿಗೆ ಮನೆ ಎಲ್ಲವೂ ಅನಿಶ್ಚಿತವಾಗಿರುವ ನಮ್ಮಂಥವರು ಇದನ್ನು ಮೊದಲು ಕೇಳುವುದು ವಾಸಿ. ನಾವು ಕೇಳಲಿಲ್ಲ, ಗೊತ್ತೇ ಇರಲಿಲ್ಲ.

ಈಗ ಬೆಸ್‌ಗೆ ಹನ್ನೊಂದು. ಭಾನುವಾರ ರಾತ್ರಿ ಅವಳು ಅಂಗಾತ ಮಲಗಿ ನಾಲ್ಕೂ ಕಾಲು ಮೇಲೆತ್ತಿದಾಗ ಒಂದೊಂದೇ ಕಾಲನ್ನು ಭುಜದಿಂದ ಬೆರಳವರೆಗೆ ಸವರಿ ನೋಡುತ್ತೇನೆ, ಕಳೆದ ವಾರ ಇಲ್ಲದ ಊತ, ಬಿಸಿ, ಗಂಟು ಏನಾದರೂ ಇದೆಯೇ ಎಂದು. ಬಲ ಹಿಂಗಾಲಿನ ಕೀಲು ದಪ್ಪಗಿದೆ. ಅದು ಹಳೆಯದು. ಅವ್ವ ಫೋನಿನಲ್ಲಿ ಕೇಳುತ್ತಾಳೆ, “ಕಾಲ ನೋಡಿದ್ಯೇನೋ?”